ಆ ಅಂಗಿ ಒಗೆಯುವವರು ಯಾರು?

ಕಳೆದ ಭಾನುವಾರ ಊರಿನ ಮನೆಯಲ್ಲಿ ಊಟ ಮುಗಿಸಿ, ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ನೆನಪಿಲ್ಲ, ‘ಸ್ಪೈಡರ್-ಮ್ಯಾನ್ 2’ ಹಾಕಿಕೊಂಡು ಕುಳಿತಿದ್ದೆ. ಅವರೆಕಾಯಿಯ ಮೊರ ಹಿಡಿದು ಅಮ್ಮನೂ ಪಕ್ಕಕ್ಕೆ ಬಂದಳು. ಇಂಗ್ಲಿಷ್ ಮಾತುಗಳನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ನಾಯಕ ಪಿಜ್ಜಾ ಡಬ್ಬಿಗಳನ್ನು ಹೊತ್ತು ಕಟ್ಟಡದಿಂದ ಕಟ್ಟಡಕ್ಕೆ ಜೋಲಿ ಹೊಡೆಯುತ್ತಿದ್ದಾಗ, ಅವಳು ಮೊರದಿಂದ ತಲೆಯೆತ್ತದೆ ಕೇಳಿದಳು: “ಅಲ್ವೋ, ಆ ಅಂಗಿ ಒಗೆಯೋರು ಯಾರು?”

ನನಗೆ ಸ್ವಲ್ಪ ಸಿಟ್ಟೇ ಬಂತು. ಆದರೆ 2004ರಲ್ಲಿ ಸ್ಯಾಮ್ ರೈಮಿ ಮಾಡಿದ ಆ ಚಿತ್ರದಲ್ಲಿ ಅದಕ್ಕೆ ಉತ್ತರವಿದೆ. ನಾಯಕ ಪೀಟರ್ ತನ್ನ ಸ್ಪೈಡರ್-ಮ್ಯಾನ್ ಉಡುಪನ್ನು ಬಿಳಿ ಬಟ್ಟೆಗಳ ಜೊತೆ ಯಂತ್ರಕ್ಕೆ ಹಾಕುತ್ತಾನೆ; ಅದರ ಬಣ್ಣ ಬಿಟ್ಟು ಉಳಿದ ಬಟ್ಟೆಗಳೆಲ್ಲ ಹಾಳಾಗುತ್ತವೆ. “ಬಣ್ಣ ಬಿಡೋದನ್ನ ಬೇರೆ ನೆನೆಹಾಕು ಅಂತ ನಿಂಗೆ ಎಷ್ಟು ಸಲ ಹೇಳಿದೀನಿ” ಎಂದು ಅಮ್ಮ ಗೆದ್ದವಳಂತೆ ನನ್ನತ್ತ ನೋಡಿದಳು. ಲಿಫ್ಟಿನಲ್ಲಿ ಪಕ್ಕದವನೊಬ್ಬನ ಮುಂದೆ, ಈ ಉಡುಪು ತುರಿಸುತ್ತದೆ ಎಂದು ಪೀಟರ್ ಒಪ್ಪಿಕೊಂಡಾಗಲಂತೂ ಜೋರಾಗಿ ನಕ್ಕಳು.

ಅವಳ ಕೈ ನಿಂತದ್ದು ಇನ್ನೊಂದು ದೃಶ್ಯಕ್ಕೆ. ಪೀಟರನ ಹುಟ್ಟುಹಬ್ಬದ ರಾತ್ರಿ ಆಂಟ್ ಮೇ (ಅಮ್ಮನಿಗೆ ನಾನು ದೊಡ್ಡಮ್ಮ ಎಂದೇ ಪರಿಚಯಿಸಿದ್ದೆ) 20 ಡಾಲರ್ ಕೊಡಲು ಬರುತ್ತಾಳೆ. ಅವಳ ಮನೆಯ ಸಾಲದ ಕಂತೇ ಬಾಕಿಯಿರುವುದು ಗೊತ್ತಿರುವುದರಿಂದ ಅವನು ಬೇಡ ಎನ್ನುತ್ತಾನೆ. ಆ ಮೆತ್ತಗಿನ ಮುದುಕಿ ತಟಕ್ಕನೆ ಸಿಡಿದು, ದೇವರಾಣೆಗೂ ತೆಗೆದುಕೋ ಎಂದು ಕೂಗಿ, ಮರುಕ್ಷಣವೇ ಕ್ಷಮೆ ಕೇಳುತ್ತಾಳೆ. “ಇನ್ನೊಂದ್ಸಲ ಹಾಕು” ಎಂದಳು ಅಮ್ಮ. ಹಾಕಿದೆ. “ಬೇಡ ಅಂದ್ರೆ ಕೊಡೋರಿಗೆ ಹೇಗಾಗುತ್ತೆ ಅಂತ ಆ ಹುಡುಗನಿಗೆ ತಿಳಿಯಲ್ಲ” ಎಂದಷ್ಟೇ ಹೇಳಿ ಮತ್ತೆ ಕಾಯಿ ಬಿಡಿಸತೊಡಗಿದಳು. ಬೆಂಗಳೂರಿಗೆ ಹೊರಟಾಗಲೆಲ್ಲ ಅವಳು ನನ್ನ ಚೀಲದಲ್ಲಿ ತುರುಕುವ ನೋಟನ್ನು ಗುಟ್ಟಾಗಿ ತೆಗೆದು ಫ್ರಿಜ್ಜಿನ ಮೇಲಿಟ್ಟು ಬರುವುದು, ಅದನ್ನು ಔದಾರ್ಯವೆಂದು ಭಾವಿಸುವುದು, ನನ್ನ ಹಳೆಯ ಚಾಳಿ. ವಾರವಿಡೀ ಆ ಮಾತು ಕಿವಿಯಲ್ಲಿದೆ.

ಇಂಥ ಚಿತ್ರಗಳನ್ನು ಮನೆಯಲ್ಲಿ ನೋಡುವುದು ಪಾಪವೆಂಬುದು ನಮ್ಮ ಭಾವನ ಮತ. ಚಿತ್ರಮಂದಿರದಲ್ಲಿಯೂ ಅರ್ಧ ಹೊತ್ತು ಮೊಬೈಲ್ ನೋಡುವ ಅವರಿಂದ ಈ ಉಪದೇಶ ಕೇಳುವುದು ಕಷ್ಟ. 2019ರ ‘ಅವೆಂಜರ್ಸ್: ಎಂಡ್‌ಗೇಮ್’ಗೆ ದೊಡ್ಡ ಪರದೆಯೇ ಬೇಕು, ನಿಜ, ಆ 181 ನಿಮಿಷಗಳ ಚಿತ್ರದ ಕೊನೆಯ ಯುದ್ಧಕ್ಕೆ ನಾನೂ ಶಿಳ್ಳೆ ಹೊಡೆದವನೇ. ಆದರೆ ಅದೇ ಚಿತ್ರವನ್ನು ಮನೆಯಲ್ಲಿ ನೋಡಿದಾಗ, ಕಣ್ಮರೆಯಾದ ಲೋಕದ ಅರ್ಧದಷ್ಟು ಜನ ಐದು ವರ್ಷಗಳ ನಂತರ ಮರಳುವ ಹೊತ್ತಿಗೆ “ಅವರ ಮನೆಗೆ ಬೇರೆ ಬಾಡಿಗೆದಾರರು ಬಂದಿರಲ್ವಾ?” ಎಂದು ಅಮ್ಮ ಕೇಳಿದ್ದಳು. ಅಚ್ಚರಿಯೆಂದರೆ, ಅದೇ ವರ್ಷ ಬಂದ ಇನ್ನೊಂದು ಸ್ಪೈಡರ್-ಮ್ಯಾನ್ ಚಿತ್ರ ‘ಫಾರ್ ಫ್ರಮ್ ಹೋಮ್’ನಲ್ಲಿ ಆಂಟ್ ಮೇ ಹೇಳುವುದೂ ಅದೇ ಫಜೀತಿಯನ್ನು. ಶಿಳ್ಳೆಗಳ ನಡುವೆ ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ. ಲೋಕ ಮುಳುಗುವ ಸಂಕಟಕ್ಕಿಂತ ಬಾಡಿಗೆ ಬಾಕಿಯ ಸಂಕಟ ನನಗೆ ಈಗೀಗ ಹೆಚ್ಚು ತಟ್ಟುತ್ತದೆ. ಓಡುವ ರೈಲನ್ನು ಎದೆಯೊಡ್ಡಿ ನಿಲ್ಲಿಸಿದವನು ಪಿಜ್ಜಾ ತಡವಾಗಿದ್ದಕ್ಕೆ ಕೆಲಸ ಕಳೆದುಕೊಂಡವನೂ ಆಗಿರುವುದರಿಂದಲೇ ಆ ರೈಲಿನ ದೃಶ್ಯ ಇಷ್ಟು ವರ್ಷಗಳಾದರೂ ಸವೆದಿಲ್ಲ.

ಸಾರಿಗೆ ಒಗ್ಗರಣೆ ಹಾಕಲು ಎದ್ದುಹೋಗಿದ್ದ ಅಮ್ಮ ಅಂದು ಚಿತ್ರದ ಕೊನೆಯನ್ನು ನೋಡಿರಲಿಲ್ಲ. ಬುಧವಾರ ರಾತ್ರಿ ಫೋನಿನಲ್ಲಿ ಅದೂ ಇದೂ ಮಾತಾಡಿ, ಇಡುವ ಮುಂಚೆ ಕೇಳಿದಳು: “ಆ ದೊಡ್ಡಮ್ಮನ ಮನೆ ಉಳೀತಾ?”

“ಇಲ್ಲಮ್ಮ, ಖಾಲಿ ಮಾಡಿ ಚಿಕ್ಕ ಮನೆಗೆ ಹೋದಳು.”

ಆ ಕಡೆ ಸ್ವಲ್ಪ ಹೊತ್ತು ಮೌನ. “ಅಷ್ಟೆಲ್ಲ ಹಾರಾಡ್ತಿದ್ನಲ್ಲೋ!” ಎಂದಳು.