ಲಂಡನ್ ಫರ್ಮ್‌ಗೆ ಕವರ್ ಲೆಟರ್: ಪಹಣಿ ಒಳಗೆ ಬಂತು

ಸೆಪ್ಟೆಂಬರ್ ಕೊನೆ

ಲಂಡನ್ನಿನ ವಕೀಲಿ ಫರ್ಮ್‌ಗಳಲ್ಲಿ ಟ್ರೇನಿಂಗ್ ಕಾಂಟ್ರಾಕ್ಟ್, ಅಂದರೆ ತರಬೇತಿ ಕೆಲಸ, ಕೇಳುವ ಅರ್ಜಿಗಳನ್ನು ಬರೆಯಲು ಹಿಡಿದಿದ್ದೇನೆ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ (ಕಕ್ಷಿದಾರರಿಗೆ ಸಲಹೆ ಕೊಟ್ಟು ಕಾಗದಪತ್ರ ನೋಡುವ ವಕೀಲ) ಆಗಲು ಎರಡು ವರ್ಷದ ಕೆಲಸದ ಅನುಭವ ಬೇಕು. ಫರ್ಮ್‌ಗಳು ಅದನ್ನು ಸಾಮಾನ್ಯವಾಗಿ ಬೇರೆ ಬೇರೆ ವಿಭಾಗಗಳಲ್ಲಿ ಆರಾರು ತಿಂಗಳ ನಾಲ್ಕು ‘ಸೀಟ್’ ಆಗಿ ಹಂಚುತ್ತವೆ. 2021ರಲ್ಲಿ ಎಸ್‌ಕ್ಯುಇ ಎಂಬ ಸಾಲಿಸಿಟರ್ ಅರ್ಹತಾ ಪರೀಕ್ಷೆ ಬಂದ ಮೇಲೆ ಬೇರೆ ದಾರಿಗಳೂ ಇವೆ. ಆದರೂ ದೊಡ್ಡ ಫರ್ಮ್‌ಗಳು ಪರೀಕ್ಷೆಯ ಫೀಸನ್ನೂ ತಾವೇ ಕಟ್ಟುತ್ತವೆ, ಹಾಗಾಗಿ ನೂಕುನುಗ್ಗಲು ಅಲ್ಲೇ. ಸುಮಾರು ಎರಡು ವರ್ಷ ಮೊದಲೇ ಆರಿಸಿಬಿಡುತ್ತಾರೆ.

ತುಂಬಾ ಫರ್ಮ್‌ಗಳು ಈಗ ಆನ್‌ಲೈನ್ ಫಾರಂನಲ್ಲಿ ಪ್ರಶ್ನೆ ಕೇಳುತ್ತವೆ. ಪತ್ರ ಕೇಳುವವರೂ ಇದ್ದಾರೆ. ನಾನು ಲಂಡನ್ನಿನ ಸ್ಲಾಟರ್ ಆ್ಯಂಡ್ ಮೇ ಫರ್ಮ್‌ಗೆ ಬರೆಯುವ ಪತ್ರದಿಂದಲೇ ಶುರು ಮಾಡಿದೆ. ಒಂದು ಪುಟ, ಅಷ್ಟೇ. ಯಾಕೆ ಕಾನೂನು, ಯಾಕೆ ಈ ಫರ್ಮ್, ಯಾಕೆ ನಾನು.

ಅಕ್ಟೋಬರ್, ಮೊದಲ ಡ್ರಾಫ್ಟ್

ಇಂಗ್ಲೆಂಡಿನಲ್ಲೇ ಟ್ರೇನಿ ಆಗಿರುವ ಶಿವಮೊಗ್ಗದ ಅಕ್ಕನಿಗೆ ಓದಲು ಕೊಟ್ಟೆ. ‘ಯಾಕೆ ಈ ಫರ್ಮ್’ ಪ್ಯಾರಾ ನೋಡಿ, “ಅವರ ವೆಬ್‌ಸೈಟನ್ನ ಅವರಿಗೇ ಓದಿ ಹೇಳ್ತೀಯೇನೋ?” ಅಂದರು. ಅಲ್ಲಿಗೆ ಆ ಪ್ಯಾರಾ ಹೋಯಿತು. ಅವರು ಇನ್ನೊಂದು ಕೇಳಿದರು: “ಧಾರವಾಡದಲ್ಲಿ ವಕೀಲರ ಹತ್ತಿರ ಏನು ಕೆಲಸ ಮಾಡ್ತಿದ್ದೆ? ಅದು ಎಲ್ಲೂ ಇಲ್ವಲ್ಲ.”

ಅಕ್ಟೋಬರ್ ಕೊನೆ

ಜಾಸ್ತಿ ಹೊತ್ತು ಹಿಡಿದದ್ದು ಇದೇ. ಧಾರವಾಡದಲ್ಲಿ ಕಕ್ಷಿದಾರರು ಜಮೀನು ಕೊಳ್ಳುವ ಮೊದಲು ನಾನು ಇಸಿ (ಋಣಭಾರ ಪತ್ರ), ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ), ಹಳೆಯ ಕ್ರಯಪತ್ರ, ವಂಶವೃಕ್ಷ ಎಲ್ಲ ಜೋಡಿಸುತ್ತಿದ್ದೆ. ಯಾವ ಅಣ್ಣತಮ್ಮ ಸಹಿ ಹಾಕಿಲ್ಲ, ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಮಾರಾಟ ತಡೆಯುವ ಪಿಟಿಸಿಎಲ್ ಕಾಯ್ದೆಗೆ ಬರುವ ಜಮೀನೇ, ಇದನ್ನೆಲ್ಲ ಸೀನಿಯರ್‌ಗೆ ಒಂದು ಪುಟದಲ್ಲಿ ಬರೆದು ಕೊಡಬೇಕಿತ್ತು.

ಇಂಗ್ಲೆಂಡಿನವರಿಗೆ ಇಷ್ಟು ಹುಡುಕಾಟ ಯಾಕೆ ಅಂತ ಅನ್ನಿಸಬಹುದು. ಅಲ್ಲಿ 2002ರ ಲ್ಯಾಂಡ್ ರಿಜಿಸ್ಟ್ರೇಶನ್ ಆಕ್ಟ್ ಪ್ರಕಾರ ನೋಂದಣಿ ಪುಸ್ತಕದಲ್ಲಿ ಹೆಸರಿದ್ದರೆ ಆ ಹಕ್ಕಿಗೆ ಸರ್ಕಾರದ ಖಾತ್ರಿ ಇರುತ್ತದೆ. ನಮ್ಮಲ್ಲಿ 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ಮಾತ್ರ ನಿಜ. ಹಾಗಾಗಿ ಕಾಗದ ಅಗೆಯಲೇಬೇಕು. ಪತ್ರದಲ್ಲಿ ಇದನ್ನು ಮೂರು ವಾಕ್ಯಕ್ಕೆ ಇಳಿಸಿದೆ: ಏನು ಹುಡುಕಿದೆ, ಏನು ಸಿಕ್ಕಿತು, ಅದರಿಂದ ಕಕ್ಷಿದಾರ ಏನು ಬದಲಾಯಿಸಿದ. ಮೂರನೆಯದೇ ಮುಖ್ಯ. ಒಬ್ಬರು ಮುಂಗಡ ಕೊಡುವುದನ್ನೇ ನಿಲ್ಲಿಸಿದ್ದರು, ಅದನ್ನೇ ಬರೆದೆ.

‘ಚಿಕ್ಕಂದಿನಿಂದಲೂ ನ್ಯಾಯದ ಬಗ್ಗೆ ಒಲವು’ ವಾಕ್ಯ ತೆಗೆದೆ. ಅದನ್ನು ಓದಿ ಯಾರಿಗೂ ಏನೂ ತಿಳಿಯುವುದಿಲ್ಲ.

ನವೆಂಬರ್

ಫರ್ಮ್ ಪ್ಯಾರಾಗೆ ಈಗ ದಾರಿ ಕಾಣಿಸಿತು. ಸ್ಲಾಟರ್ ಆ್ಯಂಡ್ ಮೇ 1889ರಲ್ಲಿ ಶುರುವಾದದ್ದು. ಊರೂರಿಗೂ ಸ್ವಂತ ಆಫೀಸು ತೆರೆಯದೆ, ಹೆಚ್ಚಿನ ದೇಶಗಳಲ್ಲಿ ಅಲ್ಲಿಯ ಸ್ವತಂತ್ರ ಫರ್ಮ್‌ಗಳ ಜೊತೆ ಕೆಲಸ ಮಾಡುತ್ತದೆ. ಭಾರತದ ವಿಷಯದಲ್ಲಂತೂ ಯಾವ ಲಂಡನ್ ಫರ್ಮ್ ಆದರೂ ಇಲ್ಲಿಯ ವಕೀಲರನ್ನೇ ನಂಬಬೇಕು. 2018ರಲ್ಲಿ ಎ.ಕೆ. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿದೇಶಿ ವಕೀಲರು ಆಗಾಗ ಬಂದು ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ಕೊಟ್ಟು ಹೋಗಬಹುದು, ಇಲ್ಲಿ ವಕೀಲಿ ನಡೆಸುವಂತಿಲ್ಲ ಎಂದಿತು. 2023ರಲ್ಲಿ ಬಾರ್ ಕೌನ್ಸಿಲ್ ವಿದೇಶಿ ಫರ್ಮ್‌ಗಳಿಗೆ ಸೀಮಿತ ಅವಕಾಶ ಕೊಡುವ ನಿಯಮ ತಂದರೂ ಭಾರತದ ಕಾನೂನು ಭಾರತದ ವಕೀಲರ ಕೈಯಲ್ಲೇ ಉಳಿಯಿತು.

ಹಾಗಾದರೆ ಸ್ಥಳೀಯ ವಕೀಲರು ಕಳಿಸಿದ ವರದಿಯಲ್ಲಿ ಎಲ್ಲಿ ಸಂದೇಹ ಉಳಿದಿದೆ, ಇನ್ನೇನು ಕೇಳಬೇಕು ಅಂತ ಅರಿಯುವವರು ಲಂಡನ್ ಕಡೆ ಬೇಕಲ್ವಾ? ಆ ವರದಿ ಬರೆಯುವ ಕಡೆ ಕೂತಿದ್ದವನು ನಾನು. ಪತ್ರದ ಎರಡು ಭಾಗ ಇಲ್ಲಿ ಸೇರಿದವು.

ವೀಸಾ ವಿಷಯ ಪತ್ರದಲ್ಲಿ ಹಾಕಿಲ್ಲ, ಫಾರಂನಲ್ಲೇ ಕೇಳುತ್ತಾರೆ. ಹೋಮ್ ಆಫೀಸಿನ (ಬ್ರಿಟನ್ನಿನ ಗೃಹ ಇಲಾಖೆ) ವೀಸಾ ಸ್ಪಾನ್ಸರ್ ಪಟ್ಟಿಯಲ್ಲಿ ಫರ್ಮ್ ಹೆಸರಿದೆಯೇ ಎಂದು ಮೊದಲೇ ನೋಡಿಕೊಂಡರೆ ಸುಮ್ನೆ ಶ್ರಮ ದಂಡವಾಗುವುದಿಲ್ಲ.

ಈ ವಾರ

ಪತ್ರ ಒಂದು ಪುಟಕ್ಕೆ ಬಂದಿದೆ. ಅಕ್ಕ ಕಾಮಾ ಬಿಟ್ಟು ಬೇರೇನೂ ತಿದ್ದಲಿಲ್ಲ. ನಾಳೆ ಕಳಿಸುತ್ತೇನೆ. ಉಳಿದ ಫರ್ಮ್‌ಗಳಿಗೆ ಧಾರವಾಡದ ಪ್ಯಾರಾ ಹಾಗೇ ಇರುತ್ತದೆ, ಫರ್ಮ್ ಪ್ಯಾರಾ ಪ್ರತಿಸಲ ಹೊಸದು. ಇನ್ನು ಫರ್ಮ್‌ಗಳು ತರ್ಕಶಕ್ತಿ ಅಳೆಯಲು ಕೊಡುವ ವಾಟ್ಸನ್ ಗ್ಲೇಸರ್ ಪರೀಕ್ಷೆಯ ಅಭ್ಯಾಸ ಶುರು: 30 ನಿಮಿಷ, 40 ಪ್ರಶ್ನೆ. ಅದರ ‘ಇನ್‌ಫರೆನ್ಸ್’ (ಕೊಟ್ಟ ಮಾಹಿತಿಯಿಂದ ತೀರ್ಮಾನ ತೆಗೆಯುವ) ಭಾಗದಲ್ಲಿ ಯಾರಿಗಾದರೂ ಒಳ್ಳೆಯ ಉಪಾಯ ಗೊತ್ತಿದ್ದರೆ ಹೇಳಿ.