ಸಿರಿವಂತರ ಮನೆಯ ಒಂದು ಲೋಟ

ಶ್ರೀಮಂತ ಕುಟುಂಬವೊಂದರ ಕಥೆಯನ್ನು ವೆಬ್ ಧಾರಾವಾಹಿಯಾಗಿ ಮಾಡಲು ಹೊರಟ ನಮ್ಮ ತಂಡದ ಬಳಿ ಇದ್ದದ್ದು ಒಂದು ಕ್ಯಾಮೆರಾ, ಎರಡು ಲೈಟು, ಒಂದು ಮೈಕು ಮತ್ತು ಪರಿಚಿತರೊಬ್ಬರು ಸಂಜೆ ಐದರವರೆಗೆ ಬಿಟ್ಟುಕೊಟ್ಟಿದ್ದ ಮನೆ. ನಮ್ಮ ಹಿಂದೆ ಯಾವ ವಾಹಿನಿಯೂ ಇರಲಿಲ್ಲ, ಪ್ರಾಯೋಜಕರೂ ಇರಲಿಲ್ಲ. ಚಿತ್ರಕಥೆ ಬರೆದವನು ನಾನು. ಚಿತ್ರೀಕರಣದ ದಿನ ಕಂಟಿನ್ಯುಟಿ, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ವಸ್ತು, ಉಡುಪು, ಚಲನೆ ಬದಲಾಗದಂತೆ, ನೋಡಿಕೊಳ್ಳುವ ಹೊಣೆಯೂ ನನ್ನ ಪಾಲಿಗೇ ಬಂದಿತ್ತು. ಬರೆಯುವಾಗ ಅಮೃತಶಿಲೆಯ ಮೆಟ್ಟಿಲು, ತೂಗುದೀಪ, ಎತ್ತರದ ಕಿಟಕಿಗಳು ಎಂದೆಲ್ಲ ಧಾರಾಳವಾಗಿ ಬರೆದಿದ್ದೆ. ಆ ಮನೆಯಲ್ಲಿ ಅವು ಯಾವುವೂ ಇರಲಿಲ್ಲ. ಇದ್ದದ್ದು ಆರು ಜನ ಕೂರಬಹುದಾದ ಒಂದು ಊಟದ ಮೇಜು ಮಾತ್ರ.

ಹಿಂದಿನ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಕೌಟುಂಬಿಕ ಧಾರಾವಾಹಿಗಳ ಚರಿತ್ರೆಯನ್ನೇ ನೆನೆದು ಧೈರ್ಯ ತಂದುಕೊಂಡಿದ್ದೆ. 1930ರ ದಶಕದಲ್ಲಿ ಅಮೆರಿಕದ ರೇಡಿಯೊದಲ್ಲಿ ಹಗಲು ಹೊತ್ತು ಬರುತ್ತಿದ್ದ ಕೌಟುಂಬಿಕ ಧಾರಾವಾಹಿಗಳಿಗೆ ಸಾಬೂನು ಕಂಪನಿಗಳು ಹಣ ಕೊಡುತ್ತಿದ್ದುದರಿಂದ ‘ಸೋಪ್ ಒಪೆರಾ’ ಎಂಬ ಹೆಸರು ಬಂತು. ಅಲ್ಲಿ ಕೇಳುಗರಿಗೆ ಸಿಗುತ್ತಿದ್ದದ್ದು ದನಿ ಮಾತ್ರ. ಟೆಲಿವಿಷನ್ನಿಗೆ ಬಂದ ಮೇಲೂ ಹಗಲಿನ ಧಾರಾವಾಹಿಗಳು ಸ್ಟುಡಿಯೊದೊಳಗಿನ ನಾಲ್ಕಾರು ಕೋಣೆಗಳಲ್ಲೇ, ಮುಖ ಮತ್ತು ಮಾತನ್ನೇ ನಂಬಿ ನಡೆದವು. 1978ರಲ್ಲಿ ಆರಂಭವಾದ ಅಮೆರಿಕದ ಟಿವಿ ಧಾರಾವಾಹಿ ‘ಡಾಲಸ್’ ತೈಲದಿಂದ ಸಿರಿವಂತವಾದ ಕುಟುಂಬದ ಕಥೆ. ಅಲ್ಲಿ ವೈಭವಕ್ಕೇನೂ ಕೊರತೆಯಿರಲಿಲ್ಲ. ಆದರೆ 1980ರ ಮಾರ್ಚ್‌ನಲ್ಲಿ ಆ ಮನೆಯ ಹಿರಿಯ ಮಗನಿಗೆ ಗುಂಡು ಹಾರಿಸಿದವರು ಯಾರೆಂದು ತಿಳಿಯಲು ಜನ ನವೆಂಬರ್‌ವರೆಗೆ ಕಾದದ್ದು ಆ ಬಂಗಲೆಗಾಗಿ ಅಲ್ಲ. ಒಂದೇ ಸೂರಿನಡಿ ಇದ್ದವರ ಹಗೆಗಾಗಿ.

ಬೆಳಿಗ್ಗೆ ಮೊದಲ ಟೇಕ್ ಮುಗಿಯುವ ಹೊತ್ತಿಗೆ ಆ ಧೈರ್ಯವೆಲ್ಲ ಕರಗಿತ್ತು. ತಾಯಿ, ಇಬ್ಬರು ಗಂಡುಮಕ್ಕಳು, ಮಗಳು ಮತ್ತು ಸೊಸೆ ಮೇಜಿನ ಸುತ್ತ ಕುಳಿತು ಆಸ್ತಿಯ ಮಾತಾಡುವ ದೃಶ್ಯ ಅದು. ಎಲ್ಲರೂ ಸಂಭಾಷಣೆಯನ್ನು ತಪ್ಪಿಲ್ಲದೆ ಹೇಳಿದರು. ಆದರೂ ಮಾನಿಟರಿನಲ್ಲಿ ಕಂಡದ್ದು ಶ್ರೀಮಂತರ ಮನೆಗೆ ಅತಿಥಿಗಳಾಗಿ ಬಂದ ಐವರು. ಗಾಜಿನ ಲೋಟವನ್ನು ಎರಡು ಬೆರಳಲ್ಲಿ ಜೋಪಾನವಾಗಿ ಹಿಡಿಯುತ್ತಿದ್ದರು, ಇಡುವ ಮುನ್ನ ಮೇಜನ್ನು ನೋಡುತ್ತಿದ್ದರು, ಕುರ್ಚಿಯ ಅಂಚಿನಲ್ಲಿ ಕುಳಿತಿದ್ದರು. ನಿರ್ದೇಶಕರು ಹಿನ್ನೆಲೆಯ ಗೋಡೆಯನ್ನು ಕತ್ತಲಲ್ಲಿಟ್ಟು ಲೈಟನ್ನು ಮೇಜಿನ ಮೇಲೆ ಮಾತ್ರ ಬಿಡಿಸಿದರು. ಚಿತ್ರ ಸುಂದರವಾಯಿತು, ಮನೆ ಮಾತ್ರ ಅವರದಾಗಲಿಲ್ಲ.

ತಾಯಿಯ ಪಾತ್ರ ಮಾಡುತ್ತಿದ್ದ ಹಿರಿಯ ಕಲಾವಿದೆ ದೀರ್ಘಕಾಲ ರಂಗಭೂಮಿಯಲ್ಲಿದ್ದವರು. ನಾವೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು. ಅವರು ನನ್ನನ್ನು ಪಕ್ಕಕ್ಕೆ ಕರೆದು, “ನೋಡಪ್ಪ, ಇವಳು ನಲವತ್ತು ವರ್ಷದಿಂದ ಈ ಮನೆಯಲ್ಲಿದ್ದಾಳೆ. ಲೋಟ ಎಲ್ಲಿಡಬೇಕು ಅಂತ ಇವಳು ಯಾಕೆ ನೋಡುತ್ತಾಳೆ?” ಎಂದರು. ನಾನು ಉತ್ತರಿಸುವ ಮೊದಲೇ ಮಾತಾಡುತ್ತ ಮಾತಾಡುತ್ತ, ನನ್ನ ಮುಖದಿಂದ ಕಣ್ಣು ತೆಗೆಯದೆ, ಲೋಟ ಹಿಡಿದ ಕೈಯನ್ನು ಪಕ್ಕಕ್ಕೆ ಚಾಚಿ ಬಿಟ್ಟೇಬಿಟ್ಟರು. ಅಲ್ಲಿ ಮೇಜೇ ಇರಲಿಲ್ಲ. ಮನೆಗೆಲಸದವಳ ಪಾತ್ರಕ್ಕೆಂದು ಆ ಒಂದು ದಿನಕ್ಕಷ್ಟೇ ಬಂದಿದ್ದ ಹುಡುಗಿ ತಟ್ಟೆ ಹಿಡಿದು ಹತ್ತಿರದಲ್ಲೇ ನಿಂತಿದ್ದಳು. ಥಟ್ಟನೆ ಅಂಗೈ ಒಡ್ಡಿ ಲೋಟ ಹಿಡಿದುಕೊಂಡಳು. ಅಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ. ಬರೆದಿಟ್ಟಿದ್ದ ಅಮೃತಶಿಲೆಯಿಂದ ನಾನು ತರಲಾರದೆ ಹೋದ ಸಿರಿವಂತಿಕೆ ಅಲ್ಲಿ, ಆ ಎರಡು ಕೈಗಳ ನಡುವೆ, ನನ್ನ ಕಣ್ಣೆದುರೇ ಇತ್ತು.

ಅರ್ಧ ಗಂಟೆಯಲ್ಲಿ ದೃಶ್ಯವನ್ನು ತಿದ್ದಿದೆ. ಐಶ್ವರ್ಯವನ್ನು ಹೇಳುವ ಮಾತುಗಳನ್ನೆಲ್ಲ ಹೊಡೆದುಹಾಕಿದೆ. ತಾಯಿ ಎರಡು ಸಲ ಲೋಟ ಚಾಚುತ್ತಾಳೆ. ಮೊದಲ ಸಲ ಕೈ ತಕ್ಷಣ ಬರುತ್ತದೆ. ಉಯಿಲು ಬದಲಾಗಿದೆ ಎಂಬ ಮಾತು ಬಂದ ಮೇಲೆ ಎರಡನೆಯ ಸಲ ಚಾಚಿದಾಗ ಆ ಕೈ ಒಂದು ಕ್ಷಣ ತಡವಾಗುತ್ತದೆ. ಆಗ ತಾಯಿ ಕಂತಿನಲ್ಲಿ ಮೊದಲ ಬಾರಿಗೆ ತಿರುಗಿ ಕೆಲಸದವಳ ಮುಖ ನೋಡುತ್ತಾಳೆ. ಅಲ್ಲಿಗೆ ಕಂತು ಮುಗಿಯುತ್ತದೆ.

ಒಂದೇ ಕ್ಯಾಮೆರಾದಲ್ಲಿ ಐದು ಜನರ ದೃಶ್ಯವೆಂದರೆ ಪ್ರತಿಯೊಬ್ಬರ ಕಡೆಯಿಂದಲೂ ಅದೇ ಮಾತು, ಅದೇ ಚಲನೆ ಮತ್ತೆ ಮತ್ತೆ. ಪ್ರತಿ ಶಾಟ್ ಆದ ಕೂಡಲೇ ಮೇಜಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಲೋಟದ ನೀರಿನ ಮಟ್ಟವನ್ನು ಗುರುತು ಹಾಕಿಕೊಳ್ಳುತ್ತಿದ್ದೆ. ಆದರೂ ನಾಲ್ಕು ಗಂಟೆಗೆ ಚಿತ್ರಗಳನ್ನು ಹೋಲಿಸಿ ನೋಡಿದಾಗ ಎದೆ ಧಸಕ್ಕೆಂದಿತು: ವೈಡ್ ಶಾಟಿನಲ್ಲಿ ಅಮ್ಮನ ಬಲಗೈಯಲ್ಲಿದ್ದ ಉಂಗುರ ಕೈಯ ಕ್ಲೋಸ್‌ಅಪ್‌ನಲ್ಲಿ ಇರಲೇ ಇಲ್ಲ. ಊಟಕ್ಕೆ ಎದ್ದಾಗ ತೆಗೆದಿಟ್ಟದ್ದು ಹಾಗೆಯೇ ಉಳಿದಿತ್ತು, ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಎಲ್ಲರ ಮುಂದೆ ತಪ್ಪೊಪ್ಪಿಕೊಂಡೆ. ಯಾರೂ ಗೊಣಗಲಿಲ್ಲ. ಲೈಟನ್ನು ಮತ್ತೆ ಹಳೆಯ ಜಾಗಕ್ಕೆ ತಂದು ಕೈಗಳನ್ನಷ್ಟೇ ಇನ್ನೊಮ್ಮೆ ತೆಗೆದೆವು.

ಆ ಮರುಟೇಕ್‌ನಲ್ಲಿ ಹುಡುಗಿ ಮೊದಲಿಗಿಂತ ಚೂರು ಹೆಚ್ಚೇ ತಡಮಾಡಿದಳು. ಲೋಟ ಗಾಳಿಯಲ್ಲಿ ನಿಂತಿತು, ಅಮ್ಮನ ಬೆರಳುಗಳು ಬಿಗಿಯಾದವು, ನೀರು ಅಂಚಿನವರೆಗೆ ತುಳುಕಿತು. ನಿರ್ದೇಶಕರು ಕಟ್ ಹೇಳುವುದನ್ನೇ ಮರೆತು ನಿಂತಿದ್ದರು. ಸಂಕಲನದಲ್ಲಿ ನಾವು ಇಟ್ಟುಕೊಂಡದ್ದು ಅದನ್ನೇ.

ಸಾಮಾನು ಕಟ್ಟುವಾಗ ಆ ಹುಡುಗಿ ಬಂದು, “ಸಾರ್, ಮುಂದಿನ ಕಂತಿನಲ್ಲಿ ಇವಳು ಇರುತ್ತಾಳಾ?” ಎಂದು ಸಂಕೋಚದಿಂದ ಕೇಳಿದಳು. ನನ್ನ ಹಾಳೆಗಳಲ್ಲಿ ಅವಳು ಬರೀ ‘ಕೆಲಸದವಳು’ ಆಗಿದ್ದಳು. ಇರುತ್ತಾಳೆ ಎಂದೆ. ಅವಳಿಗೊಂದು ಹೆಸರು ಹುಡುಕುತ್ತ ಆ ರಾತ್ರಿ ಎರಡನೆಯ ಕಂತನ್ನು ಮೊದಲಿನಿಂದ ಬರೆಯಲು ಕುಳಿತೆ.