ಅರವತ್ತೆರಡು ಕೆ.ಜಿ. ಕೊಬ್ಬರಿ ನುಂಗಿದ ಒಂದು ಸಾಲು

ತಿಪಟೂರಿನ ಮಂಡಿಯಿಂದ ಕರೆ ಬಂದಾಗ ಬೆಳಿಗ್ಗೆ 11 ಗಂಟೆ 20 ನಿಮಿಷ. ಅಂದು ಹರಾಜಿನ ದಿನವಾದ್ದರಿಂದ ಕರೆ ಬಂದದ್ದೇ ಅಪಶಕುನ. ವ್ಯಾಪಾರ ಸುಸೂತ್ರವಾಗಿ ನಡೆಯುವಾಗ ತುಮಕೂರಿನಲ್ಲಿ ಕುಳಿತು ಅವರ ಬಿಲ್ಲಿಂಗ್ ತಂತ್ರಾಂಶ ಬರೆಯುವ ನಮ್ಮ ನೆನಪು ಮಂಡಿಯವರಿಗೆ ಬರುವುದಿಲ್ಲ. ಗುಮಾಸ್ತರು ಕೂಗಾಡಲಿಲ್ಲ. ‘ಸಾರ್, 62 ಚೀಲದ ಲಾಟಿಗೆ 62 ಕೆ.ಜಿ. ಕಮ್ಮಿ ತೋರಿಸ್ತೈತೆ. ರೈತ್ರು ಬಾಯಿಲೆಕ್ಕದಲ್ಲೇ ಹಿಡ್ದವ್ರೆ. ನಮ್ಮ ಯಜಮಾನ್ರು ಇನ್ನೂ ನೋಡಿಲ್ಲ’ ಎಂದಷ್ಟೇ ಹೇಳಿದರು. ಕ್ವಿಂಟಾಲಿಗೆ 18,000 ರೂಪಾಯಿಯ ಧಾರಣೆಯಲ್ಲಿ ಅದು 11,160 ರೂಪಾಯಿ. ಅವರ ಕೊನೆಯ ಮಾತು ನನಗೆ ಕೊಟ್ಟ ಗಡುವು ಎಂಬುದು ತಡವಿಲ್ಲದೆ ಅರ್ಥವಾಯಿತು.

ಹಿಂದಿನ ರಾತ್ರಿಯಷ್ಟೇ ಆ ಮಂಡಿಗೆ ನಮ್ಮ ಬಿಲ್ಲಿಂಗ್ ತಂತ್ರಾಂಶದ ಹೊಸ ಆವೃತ್ತಿಯನ್ನು ಕಳುಹಿಸಿದ್ದೆವು. ಹಳೆಯದಕ್ಕೆ ಹಿಂದಿರುಗುವ ದಾರಿ ಇರಲಿಲ್ಲ. ಹೊಸದು ಮೊದಲ ಬಾರಿ ತೆರೆದುಕೊಂಡಾಗಲೇ ಡೇಟಾಬೇಸಿನ ಎರಡು ಟೇಬಲ್‌ಗಳನ್ನು ಬದಲಿಸಿತ್ತು, ಅದನ್ನು ಹಿಂದಕ್ಕೆ ತಿರುಗಿಸುವ ಸ್ಕ್ರಿಪ್ಟ್ ಬರೆಯುವ ಕೆಲಸವನ್ನು ಮೂರು ಸ್ಪ್ರಿಂಟ್‌ಗಳಿಂದಲೂ (ಕೆಲವೇ ವಾರಗಳ ಕೆಲಸದ ಸುತ್ತುಗಳು) ನಾವು ಮುಂದಿನ ಸ್ಪ್ರಿಂಟಿಗೆ ದಾಟಿಸುತ್ತಲೇ ಬಂದಿದ್ದೆವು. ಸದ್ಯಕ್ಕೆ ಕಾರ್ಬನ್ ಹಾಳೆಯ ಬಿಲ್ ಪುಸ್ತಕದಲ್ಲಿ ಬರೆದುಕೊಡುವಂತೆ ಗುಮಾಸ್ತರಲ್ಲಿ ವಿನಂತಿಸಿ ಫೋನ್ ಇಟ್ಟೆ.

ಚೀಲಕ್ಕೆ ಒಂದು ಕೆ.ಜಿ.ಯಂತೆ ಸರಿಯಾಗಿ ಕಡಿಮೆ ಬರುತ್ತಿದೆ ಎಂದರೆ ಚೀಲದ ತೂಕವನ್ನು ಎರಡು ಬಾರಿ ಕಳೆಯಲಾಗುತ್ತಿದೆ ಎಂಬುದನ್ನು ಊಹಿಸಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಬೇಕಿದ್ದದ್ದು ಎಲ್ಲಿ ಎಂಬ ಉತ್ತರ. ಬಿಡುಗಡೆಯ ಟ್ಯಾಗ್, ಅಂದರೆ ಆ ಆವೃತ್ತಿಗೆಂದು ಗುರುತು ಹಾಕಿಟ್ಟ ಮೂಲ ಕೋಡ್, ತೆಗೆದು ನೋಡಿದೆ. ಬಿಲ್ಲಿಂಗ್ ಭಾಗದಲ್ಲಿ ಒಮ್ಮೆ ಮಾತ್ರ ಕಳೆಯಲಾಗಿತ್ತು. ತೂಕದ ಲೆಕ್ಕಕ್ಕೆಂದು ನಾವೇ ಬರೆದುಕೊಂಡಿರುವ ಲೈಬ್ರರಿಯ 1.4.2 ಆವೃತ್ತಿಯ ಟ್ಯಾಗನ್ನೂ ತೆಗೆದೆ. ಅಲ್ಲಿ ಚೀಲದ ಸುದ್ದಿಯೇ ಇರಲಿಲ್ಲ. ಅಪ್ಲಿಕೇಶನ್ನಿನ ಪರೀಕ್ಷೆಗಳಲ್ಲಿ ಆ ಲೈಬ್ರರಿಯನ್ನು ಮಾಕ್ ಮಾಡಿದ್ದರಿಂದ, ಅಂದರೆ ಅದರ ಜಾಗದಲ್ಲಿ ನಕಲಿಯೊಂದನ್ನು ಇಟ್ಟಿದ್ದರಿಂದ, ಪರೀಕ್ಷೆಗಳನ್ನು ತಾನಾಗಿ ನಡೆಸಿ ಬಿಡುಗಡೆಯನ್ನು ಸಿದ್ಧಪಡಿಸುವ ಜೆಂಕಿನ್ಸ್ ಕೂಡ ಹಸಿರಾಗಿಯೇ ನಗುತ್ತಿತ್ತು. ಪಕ್ಕದ ಆಸನದ ಸಹೋದ್ಯೋಗಿ ಇಷ್ಟರಲ್ಲಿ ತಮ್ಮ ಲ್ಯಾಪ್‌ಟಾಪಿನಲ್ಲಿ ಅದೇ ಟ್ಯಾಗಿನ ಕೋಡಿನಿಂದ ಓಡುವ ತಂತ್ರಾಂಶವನ್ನು ಕಟ್ಟಿ (ಬಿಲ್ಡ್ ಮಾಡಿ), 62 ಚೀಲದ ಅದೇ ಲಾಟನ್ನು ನಮೂದಿಸಿ, ‘ನನ್ನ ಹತ್ರ ಸರಿಯಾಗೇ ಬರ್ತಿದೆಯಲ್ಲ ಸರ್, ಇದನ್ನೇ ಕಳಿಸಿಬಿಡೋಣ’ ಎಂದರು. ಆಗ ಗಂಟೆ 11.40 ಆಗಿರಬೇಕು.

ಅವರ ಮಾತು ಕೇಳಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ. ಆದರೆ ಬಿಡುಗಡೆಯ ಜಾರ್ (ಜಾವಾ ಕೋಡನ್ನು ಒಟ್ಟುಗೂಡಿಸಿದ ಫೈಲ್) ಬಿಲ್ಡ್ ಯಂತ್ರದಿಂದ ಮಾತ್ರ ಹೊರಡಬೇಕು, ಯಾರ ಲ್ಯಾಪ್‌ಟಾಪಿನಿಂದಲೂ ಹೋಗಕೂಡದು ಎಂಬ ನಿಯಮವನ್ನು ಕಚೇರಿಯಲ್ಲಿ ತಂದವನೇ ನಾನು. ಅದನ್ನು ನಾನೇ ಮುರಿಯುವುದು ಹೇಗೆ ಎಂಬ ಬಿಗುಮಾನ ಅಡ್ಡ ಬಂತು. ನಮ್ಮ ಬಿಲ್ಡ್ ಯಂತ್ರವೆಂದರೆ ಬೇರೇನೂ ಅಲ್ಲ, ನನ್ನ ಮೇಜಿನ ಡೆಸ್ಕ್‌ಟಾಪ್. ಪ್ರತ್ಯೇಕ ಯಂತ್ರಕ್ಕೆ ಹಣವಿಲ್ಲವೆಂದು ಬೆಂಗಳೂರಿನ ಮೇಲಧಿಕಾರಿಗಳು ಹೇಳಿದ ಮೇಲೆ ಜೆಂಕಿನ್ಸನ್ನು ಅದರಲ್ಲೇ, ನನ್ನದೇ ಲಾಗಿನ್ನಿನಲ್ಲಿ ಓಡಿಸುತ್ತಿದ್ದೆವು. ಈ ಒಂದು ವಾಕ್ಯದಲ್ಲಿಯೇ ರೋಗದ ಮೂಲವಿತ್ತು, ಆದರೆ ದಿನವೂ ಕಾಣುವ ವಸ್ತು ಕಣ್ಣಿಗೆ ಬೀಳಲಿಲ್ಲ.

ಹಳೆಯ ಜಾರ್ ಒಂದು ಕ್ಯಾಶ್‌ನಲ್ಲಿ, ಅಂದರೆ ಒಮ್ಮೆ ತಂದದ್ದನ್ನು ಮತ್ತೆ ಬಳಸಲು ಇಟ್ಟುಕೊಳ್ಳುವ ಜಾಗದಲ್ಲಿ, ಉಳಿದುಕೊಂಡಿದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಅನುಮಾನಿಸಲೂ ಇಲ್ಲ, ಸೀದಾ ತೀರ್ಮಾನ. ಮೊದಲು ನಮ್ಮ ಬಿಲ್ಡ್ ಸಾಧನವಾದ ಗ್ರೇಡಲ್‌ಗೆ, ಬೇಕಾದ ಲೈಬ್ರರಿಗಳನ್ನು ಮತ್ತೆ ಹುಡುಕಿಸುವ ರಿಫ್ರೆಶ್ ಡಿಪೆಂಡೆನ್ಸೀಸ್ ಆಯ್ಕೆಯನ್ನು ಕೊಟ್ಟು ಓಡಿಸಿದೆ. 62 ಕೆ.ಜಿ. ಹಾಗೆಯೇ ಕಡಿಮೆ ಇತ್ತು. ಹಾಗಾದರೆ ಕ್ಯಾಶ್ ಬುಡಸಮೇತ ಕೆಟ್ಟಿದೆ ಎಂದುಕೊಂಡು ಗ್ರೇಡಲ್‌ನ ಕ್ಯಾಶ್ ಫೋಲ್ಡರನ್ನೇ ಅಳಿಸಿದೆ. ಎಂಟರ್ ಒತ್ತಿದ ಕೈ ಇನ್ನೂ ಕೀಲಿಯ ಮೇಲಿರುವಾಗಲೇ ಬೆಳಿಗ್ಗೆಯಿಂದ ಕಚೇರಿಯ ಬ್ರಾಡ್‌ಬ್ಯಾಂಡ್ ಇಲ್ಲ ಎಂಬುದು ನೆನಪಾಯಿತು. ಬಿ.ಎಚ್. ರಸ್ತೆಯ ಬದಿ ಅಗೆದವರು ಮತ್ತೊಮ್ಮೆ ಫೈಬರ್ ಕತ್ತರಿಸಿದ್ದರು, ನಾವೆಲ್ಲರೂ ಒಂದು ಮೊಬೈಲಿನ ಹಾಟ್‌ಸ್ಪಾಟಿನಲ್ಲಿ ಉಸಿರಾಡುತ್ತಿದ್ದೆವು. ಬಿಲ್ಡ್ ಮಾಡಲು ಬೇಕಾದ ಪ್ಲಗಿನ್‌ಗಳೂ ಮುನ್ನೂರಕ್ಕೂ ಹೆಚ್ಚು ಜಾರ್‌ಗಳೂ ಈಗ ಇಂಟರ್‌ನೆಟ್ಟಿನ ಸಾರ್ವಜನಿಕ ಜಾರ್ ಭಂಡಾರವಾದ ಮೇವನ್ ಸೆಂಟ್ರಲ್‌ನಿಂದ ಒಂದೊಂದಾಗಿ ಬರಬೇಕಿತ್ತು.

ಆ ನಲವತ್ತು ನಿಮಿಷಗಳನ್ನು ನಾನು ಮರೆಯಲಾರೆ. ಪರದೆಯ ಮೇಲೆ ಜಾರ್‌ನ ಹೆಸರು, ಅದರ ಮುಂದೆ ಕಿಲೋಬೈಟಿನ ಲೆಕ್ಕ ಆಮೆಯಂತೆ ಏರುವುದು, ನಡುವೆ ಎಲ್ಲೋ ಸಂಪರ್ಕ ಕಡಿದು ಇಡೀ ಬಿಲ್ಡ್ ಕೆಂಪಾಗುವುದು, ಮತ್ತೆ ಮೊದಲಿನಿಂದ ಆದೇಶ ಕೊಡುವುದು. ಹೀಗೆ ಮೂರು ಸಲ ಆಯಿತು. ಮೊಬೈಲನ್ನು ಕಿಟಕಿಯ ಸರಳಿಗೆ ಒರಗಿಸಿಟ್ಟರೆ ಸಿಗ್ನಲ್ ಒಂದು ಕಡ್ಡಿ ಹೆಚ್ಚು ಬರುತ್ತದೆಂದು ಸಹೋದ್ಯೋಗಿ ಕಂಡುಹಿಡಿದರು, ನಾನು ಅದನ್ನು ಹಿಡಿದುಕೊಂಡೇ ನಿಂತೆ. ಗುಮಾಸ್ತರು ಎರಡು ಬಾರಿ ಕರೆ ಮಾಡಿದರು. ಎರಡನೆಯ ಬಾರಿ ಅವರ ಹಿಂದೆ ಯಜಮಾನರ ದನಿಯೂ ಕೇಳಿಸಿತು.

ಕೊನೆಗೂ ಬಿಲ್ಡ್ ಮುಗಿಯಿತು. 62 ಚೀಲ ನಮೂದಿಸಿದೆ. 62 ಕೆ.ಜಿ. ಕಡಿಮೆ.

ಸಹೋದ್ಯೋಗಿ ಆಗ ನನ್ನನ್ನು ಏನೂ ಕೇಳಲಿಲ್ಲ. ತಮ್ಮ ಜಾರನ್ನು ಮಂಡಿಗೆ ಕಳುಹಿಸಿ, ಅಲ್ಲಿ ಲೆಕ್ಕ ಸರಿಬಂದದ್ದನ್ನು ಫೋನಿನಲ್ಲಿ ಖಚಿತಪಡಿಸಿಕೊಂಡ ಮೇಲೆ ನನ್ನ ಕುರ್ಚಿಯ ಪಕ್ಕ ಕುರ್ಚಿ ಎಳೆದುಕೊಂಡರು. ಬಿಲ್ಡ್ ಫೈಲಿನಲ್ಲಿ ಮೂರು ಸಾಲಿನ ಒಂದು ಟಾಸ್ಕ್ ಬರೆದು, ಬಳಕೆಯಾಗುತ್ತಿರುವ ಪ್ರತಿಯೊಂದು ಜಾರ್‌ನ ಪೂರ್ಣ ವಿಳಾಸವನ್ನು ಎರಡೂ ಯಂತ್ರಗಳಲ್ಲಿ ಮುದ್ರಿಸಿದರು. ಅವರಲ್ಲಿ ಎಲ್ಲ ಸಾಲುಗಳೂ ಗ್ರೇಡಲ್‌ನ ಕ್ಯಾಶ್ ಫೋಲ್ಡರಿನ ಹೆಸರಿನಿಂದ ಆರಂಭವಾಗುತ್ತಿದ್ದವು. ನನ್ನಲ್ಲಿ ಒಂದು ಸಾಲು ಬಿಟ್ಟು ಉಳಿದೆಲ್ಲವೂ ಹಾಗೆಯೇ ಇದ್ದವು. ತೂಕದ ಲೈಬ್ರರಿಯ 1.4.2 ಮಾತ್ರ ನನ್ನ ಹೋಮ್ ಡೈರೆಕ್ಟರಿಯ ಎಂ2 ಫೋಲ್ಡರಿನಿಂದ ಬರುತ್ತಿತ್ತು. ಫೈಲಿನ ದಿನಾಂಕ ಆರು ವಾರ ಹಿಂದಿನದು.

ಆರು ವಾರಗಳ ಹಿಂದೆ ಒಬ್ಬ ವರ್ತಕರು ಚೀಲದ ತೂಕವನ್ನು ತೂಕದ ಚೀಟಿಯಲ್ಲಿಯೇ ಕಳೆದು ತೋರಿಸಬೇಕೆಂದು ಕೇಳಿದ್ದರು. ಆಗುತ್ತದೆಯೇ ನೋಡೋಣವೆಂದು ಲೈಬ್ರರಿಯಲ್ಲಿ ನಾಲ್ಕು ಸಾಲು ಬದಲಿಸಿ, ಆವೃತ್ತಿಯ ಸಂಖ್ಯೆಯನ್ನು ಮುಟ್ಟದೆ, ನನ್ನ ಯಂತ್ರದ ಲೋಕಲ್ ರೆಪಾಸಿಟರಿಗೆ, ಅಂದರೆ ಅದೇ ಎಂ2 ಫೋಲ್ಡರಿನ ಜಾರ್ ಭಂಡಾರಕ್ಕೆ, ಪಬ್ಲಿಶ್ ಮಾಡಿದ್ದೆ. ಅಪ್ಲಿಕೇಶನ್ ಅದನ್ನು ಎತ್ತಿಕೊಳ್ಳಲೆಂದು ರೆಪಾಸಿಟರಿಗಳ ಪಟ್ಟಿಯ ತಲೆಯ ಮೇಲೆ ಮೇವನ್ ಲೋಕಲ್ ಎಂಬ ಒಂದು ಸಾಲನ್ನು ಸೇರಿಸಿದ್ದೆ. ವರ್ತಕರು ಆಮೇಲೆ ಬೇಡವೆಂದರು. ನಾನು ಆ ನಾಲ್ಕು ಸಾಲುಗಳನ್ನು ತೆಗೆದೆ, ಪಟ್ಟಿಯ ಸಾಲನ್ನು ತೆಗೆಯಲಿಲ್ಲ, ಜಾರನ್ನೂ ಅಳಿಸಲಿಲ್ಲ. ಹಿಂದಿನ ಬಿಡುಗಡೆಯಲ್ಲಿ ಲೈಬ್ರರಿಯ 1.4.1 ಇದ್ದುದರಿಂದ ಆ ಜಾರ್ ಇಷ್ಟು ದಿನ ಯಾರಿಗೂ ತೊಂದರೆ ಕೊಡದೆ ಹೊಂಚು ಹಾಕಿ ಕುಳಿತಿತ್ತು.

ಒಂದು ಡಿಪೆಂಡೆನ್ಸಿಗೆ, ಅಂದರೆ ತಂತ್ರಾಂಶ ಅವಲಂಬಿಸುವ ಲೈಬ್ರರಿಗೆ, ಖಚಿತ ಆವೃತ್ತಿಯನ್ನು ಬರೆದಿದ್ದರೆ ಗ್ರೇಡಲ್ ರೆಪಾಸಿಟರಿಗಳನ್ನು ಬರೆದ ಕ್ರಮದಲ್ಲಿಯೇ ಹುಡುಕಿ, ಮೊದಲು ಸಿಕ್ಕಿದ ಕಡೆಯಲ್ಲಿ ನಿಲ್ಲುತ್ತದೆ. ಮುಂದಿನ ರೆಪಾಸಿಟರಿಯಲ್ಲಿ ಅದೇ ಹೆಸರಿನ ಬೇರೆ ಜಾರ್ ಇದೆಯೇ ಎಂದು ಕೇಳುವುದಿಲ್ಲ. ನನ್ನ ದಡ್ಡತನ ಇನ್ನೂ ಒಂದು ಹೆಜ್ಜೆ ಮುಂದಿತ್ತು. ಗ್ರೇಡಲ್‌ನಂತೆಯೇ ಇನ್ನೊಂದು ಬಿಲ್ಡ್ ಸಾಧನವಾದ ಮೇವನ್‌ನಲ್ಲಿ ಎಂ2 ಫೋಲ್ಡರ್ ಎಂದರೆ ಹೊರಗಿನಿಂದ ತಂದ ಜಾರ್‌ಗಳ ಕ್ಯಾಶ್ ಕೂಡ ಹೌದು, ನಾವು ಇನ್‌ಸ್ಟಾಲ್ ಮಾಡಿದ ಜಾರ್‌ಗಳ ಜಾಗವೂ ಹೌದು. ಹತ್ತು ವರ್ಷ ಮೇವನ್ ಬಳಸಿದ ನನಗೆ ಇವೆರಡೂ ಒಂದೇ ಎಂಬ ಅಭ್ಯಾಸ. ಗ್ರೇಡಲ್ ತನ್ನ ಕ್ಯಾಶನ್ನು ಬೇರೆಯೇ ಇಟ್ಟುಕೊಳ್ಳುತ್ತದೆ. ಎಂ2 ಅದಕ್ಕೆ ಇನ್ನೊಂದು ರೆಪಾಸಿಟರಿ ಮಾತ್ರ, ಅದರಲ್ಲಿರುವ ಜಾರನ್ನು ನಕಲು ಮಾಡಿಕೊಳ್ಳದೆ ಇದ್ದಲ್ಲಿಂದಲೇ ಬಳಸುತ್ತದೆ. ಆದ್ದರಿಂದ ರಿಫ್ರೆಶ್ ಎಂದಾಗಲೂ ಅದು ಪ್ರಾಮಾಣಿಕವಾಗಿ ಮತ್ತೆ ಹುಡುಕಿ, ಪಟ್ಟಿಯ ಮೊದಲ ಸಾಲಿನಲ್ಲಿ ಅದೇ ಕೆಟ್ಟ ಜಾರನ್ನು ಕಂಡಿತು. ಕ್ಯಾಶ್ ಅಳಿಸಿದಾಗ ಸರಿಯಿದ್ದ ಮುನ್ನೂರು ಜಾರ್‌ಗಳು ಹೋದವು, ಕೆಟ್ಟ ಒಂದು ಉಳಿಯಿತು.

ಆ ಪಟ್ಟಿಯನ್ನು ಅಂದು ಸಂಜೆ ಕುಳಿತು ಓದಿದಾಗ ಇನ್ನಷ್ಟು ನಾಚಿಕೆಯಾಯಿತು. ಎರಡನೆಯ ಸಾಲಿನಲ್ಲಿ ಜೆಸೆಂಟರ್ ಎಂಬ ಇನ್ನೊಂದು ಸಾರ್ವಜನಿಕ ಭಂಡಾರ ಇತ್ತು; ಅದನ್ನು ನಿಲ್ಲಿಸುವ ಘೋಷಣೆ ಬಂದದ್ದು 2021ರ ಫೆಬ್ರವರಿಯಲ್ಲಿ, 2024ರ ಆಗಸ್ಟಿನಿಂದ ಆ ವಿಳಾಸ ಕೇಳಿದವರನ್ನು ಮೇವನ್ ಸೆಂಟ್ರಲ್‌ಗೆ ಕಳುಹಿಸುತ್ತಿದೆ. ಮೂರನೆಯದು ಮೇವನ್ ಸೆಂಟ್ರಲ್. ಬೆಂಗಳೂರಿನ ಕಚೇರಿಯಲ್ಲಿರುವ ನಮ್ಮ ಸ್ವಂತ ಜಾರ್ ಭಂಡಾರವಾದ ನೆಕ್ಸಸ್ ಕೊನೆಯದು. ಎಂದರೆ ನಮ್ಮದೇ ಲೈಬ್ರರಿಯನ್ನು ಮೊದಲು ಊರವರಲ್ಲೆಲ್ಲ ವಿಚಾರಿಸಿ, ಅವರು ಇಲ್ಲವೆಂದ ಮೇಲೆ ಮನೆಗೆ ಬಂದು ಕೇಳುವ ವ್ಯವಸ್ಥೆ. ಅದೇ 2021ರ ಫೆಬ್ರವರಿಯಲ್ಲಿ ಅಲೆಕ್ಸ್ ಬಿರ್ಸನ್ ಎಂಬ ಭದ್ರತಾ ಸಂಶೋಧಕರು, ಕಂಪನಿಗಳ ಒಳಗಿನ ಪ್ಯಾಕೇಜುಗಳ ಹೆಸರಿನಲ್ಲಿಯೇ ಸಾರ್ವಜನಿಕ ರೆಪಾಸಿಟರಿಗಳಲ್ಲಿ ಪ್ಯಾಕೇಜುಗಳನ್ನು ಇಟ್ಟು, ದೊಡ್ಡ ದೊಡ್ಡ ಕಂಪನಿಗಳ ಯಂತ್ರಗಳ ಒಳಗೆ ತಮ್ಮ ಕೋಡ್ ಓಡಿಸಿದ ಬಗೆಯನ್ನು ಬಹಿರಂಗಪಡಿಸಿದ್ದರು. ಆ ಸುದ್ದಿಯನ್ನು ಕಚೇರಿಯ ಗುಂಪಿಗೆ ಹಂಚಿಕೊಂಡವನೂ ನಾನೇ.

ಈಗ ರೆಪಾಸಿಟರಿಗಳ ಪಟ್ಟಿ ಪ್ರತಿ ಪ್ರಾಜೆಕ್ಟಿನ ಬಿಲ್ಡ್ ಫೈಲಿನಲ್ಲಿ ಇಲ್ಲ. ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದೇ ಕಡೆ ಇದೆ, ಬೇರೆಡೆ ಯಾರಾದರೂ ಒಂದು ಸಾಲು ಸೇರಿಸಿದರೆ ಬಿಲ್ಡ್ ಅಲ್ಲಿಯೇ ನಿಲ್ಲುವಂತೆ ಮಾಡಿದ್ದೇವೆ. ಗ್ರೇಡಲ್ 6.8ರಿಂದಲೇ ಈ ಸೌಲಭ್ಯವಿತ್ತು. ನಮ್ಮ ಗುಂಪಿನ ಹೆಸರಿರುವ ಯಾವ ಲೈಬ್ರರಿಯೂ ನೆಕ್ಸಸ್ ಬಿಟ್ಟು ಬೇರೆಲ್ಲಿಂದಲೂ ಬರಬಾರದೆಂದು ಎಕ್ಸ್‌ಕ್ಲೂಸಿವ್ ಕಂಟೆಂಟ್ ನಿಯಮ ಹಾಕಿದ್ದೇವೆ. ಮೇವನ್ ಲೋಕಲ್ ಸಾಲು ಹೋಯಿತು. ಪ್ರಯೋಗಕ್ಕೆಂದು ಪಬ್ಲಿಶ್ ಮಾಡುವ ಜಾರ್‌ನ ಆವೃತ್ತಿಯ ಸಂಖ್ಯೆಗೆ ಸ್ನ್ಯಾಪ್‌ಶಾಟ್ ಎಂಬ ಬಾಲ ಇರಲೇಬೇಕು, ಬಾಲವಿರುವುದು ಬಿಡುಗಡೆಯಲ್ಲಿ ಕಂಡರೆ ಜೆಂಕಿನ್ಸ್ ಕೆಂಪಾಗುತ್ತದೆ. ಜೆಂಕಿನ್ಸ್‌ಗೆ ಬೇರೆ ಲಾಗಿನ್ ಮಾಡಿಕೊಟ್ಟದ್ದು ಐದು ನಿಮಿಷದ ಕೆಲಸವಾಗಿತ್ತು, ಅದಕ್ಕೆ ಯಾರ ಹಣವೂ ಬೇಕಿರಲಿಲ್ಲ.

ಉಳಿದದ್ದಕ್ಕೆ ಹಣ ಬೇಕಿತ್ತು. ಹೊರಗಿನ ಜಾರ್‌ಗಳನ್ನು ಒಮ್ಮೆ ತಂದು ಇಟ್ಟುಕೊಳ್ಳುವ ಪ್ರಾಕ್ಸಿ ನೆಕ್ಸಸ್ ಒಂದು ತುಮಕೂರಿನ ಕಚೇರಿಯಲ್ಲಿಯೇ ಇದ್ದಿದ್ದರೆ, ಕ್ಯಾಶ್ ಅಳಿಸಿದ ನನ್ನ ಅವಿವೇಕಕ್ಕೆ ನಲವತ್ತು ನಿಮಿಷದ ಬದಲು ಎರಡು ನಿಮಿಷದ ದಂಡ ಬೀಳುತ್ತಿತ್ತು. ಹಿಂದಿನ ವರ್ಷ ಕೇಳಿದಾಗ, ಇಂಟರ್‌ನೆಟ್ಟಿನಲ್ಲಿ ಬಿಟ್ಟಿ ಸಿಗುವುದನ್ನು ಇಟ್ಟುಕೊಳ್ಳಲು ಯಂತ್ರವೇಕೆ ಎಂಬ ಉತ್ತರ ಬಂದಿತ್ತು. ಈ ಘಟನೆಯ ವರದಿಯಲ್ಲಿ ನಾನು 11,160 ಎಂಬ ಅಂಕಿಯನ್ನು ಮೊದಲ ಸಾಲಿನಲ್ಲಿಯೇ ಬರೆದೆ. ಹದಿನೈದು ದಿನಗಳಲ್ಲಿ ಲೆಕ್ಕಪತ್ರ ವಿಭಾಗದವರು ಬಿಟ್ಟುಬಿಟ್ಟ ಹಳೆಯ ಯಂತ್ರವೊಂದು ಬಂತು. ಅದು ಈಗ ಯುಪಿಎಸ್ ಪಕ್ಕದಲ್ಲಿ ಗೊರಗೊರ ಸದ್ದು ಮಾಡುತ್ತಾ ಕುಳಿತಿದೆ. ಕಳೆದ ತಿಂಗಳು ರಸ್ತೆ ಮತ್ತೆ ಅಗೆದಾಗ ಬಿಲ್ಡ್ ಓಡಿದ್ದು ಅದರ ಪುಣ್ಯದಿಂದ.

ಮಂಡಿಯ ಯಜಮಾನರಿಗೆ ಸಿಟ್ಟು ಇಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ, ರೈತರ ಹಣ ಕೈತಪ್ಪುವ ಮೊದಲೇ ಬಿಲ್ ಸರಿಯಾಗಿತ್ತು. ಗುಮಾಸ್ತರು ಮಾತ್ರ ಮರೆತಿಲ್ಲ. ನಮ್ಮಿಂದ ಹೊಸ ಆವೃತ್ತಿ ಹೋದ ಮರುದಿನ ಮೊದಲ ಲಾಟಿನ ಬಿಲ್ಲನ್ನು ಅವರು ಕಾರ್ಬನ್ ಪುಸ್ತಕದಲ್ಲಿಯೂ ಬರೆದು, ಎರಡನ್ನೂ ಅಕ್ಕಪಕ್ಕ ಇಟ್ಟು ಫೋಟೋ ತೆಗೆದು ನನಗೆ ಕಳುಹಿಸುತ್ತಾರೆ.